‘ನಾಸ್ತಿ’ ಎಂದವರನ್ನು ಕೇಳಬೇಕಾದದ್ದು

ಜಾತ್ರೆ, ರಥೋತ್ಸವಗಳ ಆಮಂತ್ರಣ ಪತ್ರಿಕೆಗಳು ಈಗಲೂ ‘ಆಸ್ತಿಕ ಮಹಾಶಯರೇ’ ಎಂದು ನಮ್ಮನ್ನು ಕರೆಯುತ್ತವೆ. ಅದರ ಎದುರು ಪದವಾದ ‘ನಾಸ್ತಿಕ’ಕ್ಕೆ ಇಂಥ ಮರ್ಯಾದೆಯ ಜಾಗ ಎಲ್ಲೂ ಸಿಕ್ಕಿಲ್ಲ. ಪೂಜೆಗೆ ಕೂರದ ಮಗ ನಾಸ್ತಿಕ, ಮಡೆಸ್ನಾನ ಬೇಡ ಎಂದವನು ನಾಸ್ತಿಕ, ಜಾತಕ ತೋರಿಸದೆ ಮದುವೆಯಾದವಳೂ ನಾಸ್ತಿಕಳೇ. ಇವರಲ್ಲಿ ಯಾರೂ ದೇವರಿದ್ದಾನೋ ಇಲ್ಲವೋ ಎಂಬ ಮಾತನ್ನೇ ಎತ್ತಿರುವುದಿಲ್ಲ. ಆದರೂ ಪದ ಬಂದು ಅಂಟುತ್ತದೆ. ಅಂಟಿದ ಮೇಲೆ ಅವರು ಹೇಳುವುದನ್ನು ಕೇಳಿಸಿಕೊಳ್ಳಲು ಯಾರಿಗೂ ತಾಳ್ಮೆ ಇರುವುದಿಲ್ಲ. ಒಂದು ನಿಲುವಿನ ಹೆಸರಾಗಿ ಹುಟ್ಟಿದ ಪದ ಮಾತುಕತೆಯನ್ನೇ ಕಡಿದುಹಾಕುವ ಪದವಾಯಿತಲ್ಲ ಎಂಬುದು ನನ್ನ ನೋವು.

ಹುಟ್ಟು ಹೀಗಿರಲಿಲ್ಲ. ಪಾಣಿನಿ ತನ್ನ ಒಂದು ಪುಟ್ಟ ಸೂತ್ರದಲ್ಲಿ ಮೂರು ಪದಗಳಿಗೆ ವ್ಯುತ್ಪತ್ತಿ ಕೊಡುತ್ತಾನೆ: ‘ಉಂಟು’ ಎಂಬ ಬುದ್ಧಿಯುಳ್ಳವನು ಆಸ್ತಿಕ, ‘ಇಲ್ಲ’ ಎಂಬ ಬುದ್ಧಿಯುಳ್ಳವನು ನಾಸ್ತಿಕ, ಎಲ್ಲವೂ ವಿಧಿಯದು ಎನ್ನುವವನು ದೈಷ್ಟಿಕ. ಮೂವರೂ ಒಂದೇ ಸಾಲಿನಲ್ಲಿ ಕೂತಿದ್ದಾರೆ, ಯಾರಿಗೂ ಬೈಗುಳವಿಲ್ಲ. ಉಂಟು ಅಥವಾ ಇಲ್ಲ ಎನ್ನುವುದು ಯಾವುದನ್ನು ಎಂದು ಸೂತ್ರ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ಸೂತ್ರಗಳ ವ್ಯಾಖ್ಯಾನವಾದ ಕಾಶಿಕಾ ವೃತ್ತಿ ಪರಲೋಕ ಎಂದು ತುಂಬಿಸಿತು. ದೇವರ ಮಾತು ಅಲ್ಲೂ ಬರಲಿಲ್ಲ.

ಖಾಲಿ ಜಾಗವನ್ನು ಬೇರೆಯವರು ಬೇರೆ ಬಗೆಯಲ್ಲಿ ತುಂಬಿಸಿಕೊಂಡರು. ಮನುಸ್ಮೃತಿಗೆ ವೇದನಿಂದೆಯೇ ನಾಸ್ತಿಕನ ಗುರುತು. ತರ್ಕವನ್ನು ನೆಚ್ಚಿ ಶ್ರುತಿ-ಸ್ಮೃತಿಗಳನ್ನು ಕಡೆಗಣಿಸಿದವನನ್ನು ಸಜ್ಜನರು ಹೊರಗಿಡಬೇಕೆಂದು ಅದು ವಿಧಿಸಿತು. ಬುದ್ಧಿಯ ಹೆಸರಾಗಿದ್ದ ಪದ ಬಹಿಷ್ಕಾರದ ಹೆಸರಾದದ್ದು ಇಲ್ಲಿ. ಈ ಲೆಕ್ಕದಲ್ಲಿ ಜೈನರೂ ಬೌದ್ಧರೂ ನಾಸ್ತಿಕರು. ಆದರೆ ಜೈನ ಆಚಾರ್ಯ ಹರಿಭದ್ರ ತನ್ನ ‘ಷಡ್ದರ್ಶನಸಮುಚ್ಚಯ’ದಲ್ಲಿ ಗೆರೆಯನ್ನು ಬೇರೆ ಕಡೆ ಎಳೆದ: ಬೌದ್ಧ, ಜೈನ ದರ್ಶನಗಳನ್ನು ಆಸ್ತಿಕರ ಸಾಲಿನಲ್ಲಿ ಕೂರಿಸಿ, ಪರಲೋಕವನ್ನು ಒಪ್ಪದ ಲೋಕಾಯತವನ್ನು ಮಾತ್ರ ಆಚೆ ಬಿಟ್ಟ.

ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು, ವೇದವೇ ಪ್ರಮಾಣವೆನ್ನುವ ಮೀಮಾಂಸಾ ದರ್ಶನದ ಕುಮಾರಿಲ ಭಟ್ಟನ ಪ್ರಸಂಗ. ಜನ ಮೀಮಾಂಸೆಯನ್ನು ಲೋಕಾಯತವನ್ನಾಗಿ ಮಾಡಿಬಿಟ್ಟಿದ್ದಾರೆ, ಅದನ್ನು ಆಸ್ತಿಕರ ದಾರಿಗೆ ತರುವುದೇ ತನ್ನ ಪ್ರಯತ್ನ ಎಂದು ‘ಶ್ಲೋಕವಾರ್ತಿಕ’ದ ಆರಂಭದಲ್ಲೇ ಅವನು ಹೇಳುತ್ತಾನೆ. ಅದೇ ಗ್ರಂಥದಲ್ಲಿ ಸೃಷ್ಟಿಕರ್ತನನ್ನು ಒಪ್ಪದೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತಾನೆ. ಕರುಣೆಯಿಂದ ಸೃಷ್ಟಿಸಿದನೆಂದರೆ, ಸೃಷ್ಟಿಗೆ ಮುಂಚೆ ಕರುಣೆ ತೋರಲು ಯಾವ ಜೀವಿ ಇತ್ತು? ಕರುಣೆಯೇ ಕಾರಣವಾದರೆ ಲೋಕದಲ್ಲಿ ಇಷ್ಟು ದುಃಖ ಏಕೆ? ಲೀಲೆಗಾಗಿ ಎಂದರೆ, ತೃಪ್ತನಾದವನಿಗೆ ಆಟದ ಬಯಕೆ ಎಲ್ಲಿಂದ ಬಂತು? ವೇದಕ್ಕಾಗಿ ಜೀವ ತೇಯ್ದ ಈ ಪಂಡಿತ ಇಂದು ನಮ್ಮೂರಿನ ಕಟ್ಟೆಯ ಮೇಲೆ ಕೂತು ಇವನ್ನೇ ಕೇಳಿದರೆ ಅವನಿಗೆ ಯಾವ ಹೆಸರು ಬೀಳುತ್ತದೆಂದು ಹೇಳಬೇಕಾಗಿಲ್ಲ.

ಕನ್ನಡ ನೆಲದಲ್ಲೂ ಇಂಥ ಪ್ರಶ್ನೆಗಳು ಎದ್ದಿವೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಗುರುವೆಂದು ಗೌರವಿಸಿದ ಜಿನಸೇನಾಚಾರ್ಯರು 9ನೇ ಶತಮಾನದ ತಮ್ಮ ಸಂಸ್ಕೃತ ಮಹಾಪುರಾಣದಲ್ಲಿ, ಈ ಜಗತ್ತನ್ನು ಯಾರೂ ಮಾಡಲಿಲ್ಲ, ಅದಕ್ಕೆ ಆದಿಯೂ ಇಲ್ಲ ಅಂತ್ಯವೂ ಇಲ್ಲ ಎಂದು ವಾದಿಸಿದರು. ಪರಿಪೂರ್ಣನಾದವನಿಗೆ ಮಾಡಬೇಕೆಂಬ ಇಚ್ಛೆ ಹೇಗೆ ಹುಟ್ಟಿತು, ಅಪೂರ್ಣನಾದರೆ ಮಾಡುವ ಶಕ್ತಿ ಎಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ಪಂಪನ ‘ಆದಿಪುರಾಣ’ಕ್ಕೆ ಆಕರವಾದದ್ದು ಇದೇ ಗ್ರಂಥ. ಆ ಪ್ರಶ್ನೆ ಕೇಳಿದವರು ವ್ರತ, ತಪಸ್ಸುಗಳಲ್ಲೇ ಬದುಕು ಸವೆಸಿದ ಮುನಿ. ಸೃಷ್ಟಿಕರ್ತನನ್ನು ಒಪ್ಪದಿದ್ದರೂ ಅವರ ಭಕ್ತಿಗೆ ಕೊರತೆಯಾಗಲಿಲ್ಲ.

ಈ ಗೋಜಲನ್ನು ಬಿಡಿಸಲು ಕನ್ನಡದಲ್ಲೇ ಒಳ್ಳೆಯ ಸಾಧನವಿದೆ. ನಮಗೆ ‘ಇಲ್ಲ’ವೂ ಇದೆ, ‘ಅಲ್ಲ’ವೂ ಇದೆ. ದೇವರಿಲ್ಲ ಎನ್ನುವುದು ಒಂದು ಮಾತು, ಇದು ದೇವರಲ್ಲ ಎನ್ನುವುದು ಇನ್ನೊಂದು. ಬೆಂಕಿಗೆ ಕರಗುವ ಅರಗಿನ ದೈವವನ್ನೂ ಅಗತ್ಯ ಬಿದ್ದರೆ ಮಾರುವ ದೈವವನ್ನೂ ಒಪ್ಪದ ಬಸವಣ್ಣನದು ‘ಅಲ್ಲ’. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಎದ್ದದ್ದೂ ಇದು ಪವಾಡವೋ ಅಲ್ಲವೋ ಎಂಬ ಪ್ರಶ್ನೆ. ತೊಂಬತ್ತರ ವಯಸ್ಸಿನಲ್ಲಿ ‘ದೇವರು’ ಪುಸ್ತಕ ಪ್ರಕಟಿಸಿದ ಎ.ಎನ್. ಮೂರ್ತಿರಾಯರದು ಮಾತ್ರ ನೇರ ‘ಇಲ್ಲ’. ಮೂವರಿಗೂ ಒಂದೇ ಪದ ಅಂಟಿಸಿದರೆ ಮೂವರಿಗೂ ಅನ್ಯಾಯ. ಉತ್ತರ ಕೊಡಬೇಕೆಂದಿರುವ ಭಕ್ತನಿಗೂ ಅನ್ಯಾಯ. ಯಾರಿಗೆ ಏನೆಂದು ಉತ್ತರಿಸಬೇಕೆಂಬುದೇ ಅವನಿಗೆ ತಿಳಿಯುವುದಿಲ್ಲ.

ಉತ್ತರ ಹೇಗೆ ಕೊಡಬೇಕೆಂದು ನ್ಯಾಯ ದರ್ಶನದ ಉದಯನಾಚಾರ್ಯ ತೋರಿಸಿದ್ದಾನೆ. ಮಡಕೆ ಕಾರ್ಯ, ಅಂದರೆ ಉಂಟಾದ ವಸ್ತು, ಅದಕ್ಕೊಬ್ಬ ಕರ್ತೃವಿದ್ದಾನೆ. ಭೂಮಿಯೂ ಕಾರ್ಯ, ಅದಕ್ಕೂ ಕರ್ತೃವಿರಬೇಕು ಎಂಬ ನೈಯಾಯಿಕರ ವಾದವನ್ನು ‘ನ್ಯಾಯಕುಸುಮಾಂಜಲಿ’ಯಲ್ಲಿ ಆತ ಬಲಪಡಿಸಿದ. 11ನೇ ಶತಮಾನದಲ್ಲಿ ವಿಕ್ರಮಶಿಲೆಯ ಬೌದ್ಧ ವಿದ್ವಾಂಸ ರತ್ನಕೀರ್ತಿ ಈ ವಾದಕ್ಕೆ ಬುಡವಾದ ವ್ಯಾಪ್ತಿಯನ್ನೇ, ಅಂದರೆ ಕಾರ್ಯಕ್ಕೂ ಕರ್ತೃವಿಗೂ ತಪ್ಪದ ಸಂಬಂಧವಿದೆ ಎಂಬುದನ್ನೇ, ಪ್ರಶ್ನಿಸಿದ: ಮಡಕೆಯಲ್ಲಿ ಕಂಡ ಸಂಬಂಧವನ್ನು ಬೆಟ್ಟಕ್ಕೂ ಭೂಮಿಗೂ ಹಿಗ್ಗಿಸಲು ಆಧಾರವೇನು? ಸಾವಿರ ವರ್ಷ ಕಳೆದರೂ ಈ ಪ್ರಶ್ನೋತ್ತರದ ಕಾವು ಆರಿಲ್ಲ.

ಈಶ್ವರನ ಕುರಿತ ತರ್ಕವನ್ನೇ ಉದಯನ ಉಪಾಸನೆ ಎಂದು ಕರೆದ. ಅಷ್ಟೆಲ್ಲ ಹೋರಾಡಿದ ಮೇಲೆ, ಗ್ರಂಥದ ಕೊನೆಯಲ್ಲಿ ಒಂದು ಬೇಡಿಕೆ ಇಟ್ಟ: ನಿನ್ನನ್ನು ಅಲ್ಲಗಳೆದವರೂ ಅಲ್ಲಗಳೆಯುವ ನೆಪದಲ್ಲಿ ನಿನ್ನನ್ನೇ ತೀವ್ರವಾಗಿ ಚಿಂತಿಸಿದವರು, ಅವರನ್ನೂ ಕಾಪಾಡು. ನಿರಾಕರಿಸುವವನಿಗೆ ಇಂಥ ದಯೆ ಬೇಕಿಲ್ಲದಿರಬಹುದು. ಆದರೆ ಎದುರಾಳಿ ಯೋಚಿಸಿ ಮಾತಾಡಿದ್ದಾನೆ ಎಂಬ ಒಪ್ಪಿಗೆ ಅದರಲ್ಲಿದೆ. ಅದು ಅವನಿಗೆ ನ್ಯಾಯವಾಗಿ ಸಲ್ಲಬೇಕಾದದ್ದು. ಆಸ್ತಿಕನೆಂದು ಹೆಮ್ಮೆಪಡುವವನು ಇನ್ನೊಬ್ಬನನ್ನು ನಾಸ್ತಿಕ ಎನ್ನುವ ಮೊದಲು ‘ನೀನು ಇಲ್ಲ ಎನ್ನುತ್ತಿರುವುದು ಯಾವುದನ್ನು?’ ಎಂದು ಕೇಳಲಿ. ‘ನೀನು ಉಂಟು ಎನ್ನುತ್ತಿರುವುದು ಯಾವುದನ್ನು?’ ಎಂದು ಅವನೂ ತಿರುಗಿ ಕೇಳಲಿ. ಪಾಣಿನಿ ಬಿಟ್ಟ ಖಾಲಿ ಜಾಗವನ್ನು ಅವರವರೇ ತುಂಬಿಸಿಕೊಂಡ ಮೇಲೆ ಶುರುವಾಗುವ ಜಗಳ, ಎಷ್ಟು ಬಿರುಸಾಗಿದ್ದರೂ, ಇಬ್ಬರ ಗೌರವವನ್ನೂ ಉಳಿಸುತ್ತದೆ.