ವಿವರಣ ಪ್ರಬಂಧ: ಕಾಗಿಣಾ ತೀರದ ಪರಂಪರೆಯೂ ಇಂದಿನ ಮಾಧ್ಯಮಿಕ ತರಗತಿಯೂ

ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ ಮತ್ತು ವಾಡಿ ಈ ಐದು ಊರುಗಳ ಹೆಸರನ್ನು ಕೇಳಿದೊಡನೆ ಇತಿಹಾಸದ ವಿದ್ಯಾರ್ಥಿಗೆ ಮಾನ್ಯಖೇಟದ ರಾಷ್ಟ್ರಕೂಟರು ನೆನಪಾಗುತ್ತಾರೆ. ವ್ಯಾಪಾರಿಗೆ ತೊಗರಿ, ಹಾಸುಗಲ್ಲು, ಸಿಮೆಂಟುಗಳು ನೆನಪಾಗುತ್ತವೆ. ಪ್ರಕೃತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಇವೆರಡಕ್ಕಿಂತಲೂ ಸಣ್ಣದಾಗಿ ಕಾಣುವ ಒಂದು ವಿಷಯ. ಈ ಪ್ರದೇಶದ ಆರು, ಏಳು, ಎಂಟನೆಯ ತರಗತಿಗಳ ಮಕ್ಕಳಿಗೆ ವಿವರಣಾತ್ಮಕ ಪ್ರಬಂಧವನ್ನು ಬರೆಯಲು ಕಲಿಸುವುದು ಹೇಗೆ ಎಂಬುದೇ ಆ ವಿಷಯ. ಇದು ಶಿಕ್ಷಣಶಾಸ್ತ್ರದ ಪ್ರಶ್ನೆಯಲ್ಲವೇ, ಇತಿಹಾಸಕಾರನಿಗೆ ಇದರಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದು. ಈ ನೆಲದಲ್ಲಿ ವಿವರಣೆಯ ಬರವಣಿಗೆಗೆ ಸಾವಿರದ ನೂರು ವರ್ಷಗಳಿಗೂ ಮಿಕ್ಕಿದ ಚರಿತ್ರೆಯುಂಟು. ಆ ಚರಿತ್ರೆಯಲ್ಲಿ ಒಂದು ಕಡಿತವೂ ಉಂಟು. ಅದನ್ನು ತಿಳಿಯದೆ ಇಂದಿನ ತರಗತಿಯ ತೊಡಕು ಸ್ಪಷ್ಟವಾಗದೆಂಬುದು ನಮ್ಮ ಅಭಿಪ್ರಾಯ.

ತೊಡಕು ಸಣ್ಣದೇನೂ ಅಲ್ಲ. 2025ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯು ಶೇಕಡಾ 42.43ರ ಫಲಿತಾಂಶದೊಡನೆ ರಾಜ್ಯದಲ್ಲಿ ಕೊನೆಯ ಸ್ಥಾನಕ್ಕೆ ಇಳಿಯಿತು. ಇದಕ್ಕೆ ಬಡತನ, ದುಡಿಮೆಗಾಗಿ ಕುಟುಂಬಗಳ ವಲಸೆ ಮೊದಲಾದ ಅನೇಕ ಕಾರಣಗಳಿರಬಹುದು. ಆದರೆ ವಿಜ್ಞಾನವಾಗಲಿ ಸಮಾಜಶಾಸ್ತ್ರವಾಗಲಿ, ಉತ್ತರವೆಂಬುದು ಕೊನೆಗೆ ಒಂದು ಸಣ್ಣ ವಿವರಣೆಯೇ. ತಿಳಿದುದನ್ನು ಕ್ರಮವಾಗಿ ಬರೆದು ತೋರಿಸಲಾರದ ವಿದ್ಯಾರ್ಥಿಗೆ ತಿಳಿವಿದ್ದೂ ಫಲವಿಲ್ಲ.

ಮೊದಲು ಪದದ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಕಥನವು ನಡೆದುದನ್ನು ಹೇಳುತ್ತದೆ. ವರ್ಣನೆಯು ಕಂಡುದನ್ನು ಚಿತ್ರಿಸುತ್ತದೆ. ವಿವರಣೆಯಾದರೋ ‘ಏಕೆ’, ‘ಹೇಗೆ’ ಎಂಬ ಪ್ರಶ್ನೆಗಳಿಗೆ, ತಿಳಿಯದವನಿಗೆ ತಿಳಿಯುವಂತೆ ಕೊಡುವ ಉತ್ತರ. ಪ್ರಶ್ನೆ, ಕ್ರಮ, ಕಾರಣ ಎಂಬ ಮೂರು ಅಂಗಗಳಿಲ್ಲದೆ ಅದು ನಿಲ್ಲದು.

ಈ ಮೂರೂ ಅಂಗಗಳು ಮಳಖೇಡದ ಕಾಲದಲ್ಲಿಯೇ ಪರಿಪಕ್ವವಾಗಿದ್ದುವು. ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಈ ಗ್ರಾಮವೇ ಪ್ರಾಚೀನ ಮಾನ್ಯಖೇಟ. ಇಲ್ಲಿ ಆಳಿದ ಅಮೋಘವರ್ಷ ನೃಪತುಂಗನ (ಕ್ರಿ.ಶ. 814–878) ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಅಲಂಕಾರಗ್ರಂಥವೆಂದು ಪ್ರಸಿದ್ಧವಾದರೂ ವಸ್ತುತಃ ಬರೆಯುವವರಿಗಾಗಿ ಬರೆದ ಪಾಠವೇ ಸರಿ. ಅದರ ಮೊದಲನೆಯ ಪರಿಚ್ಛೇದವು ದೋಷ ಯಾವುದು, ಅದೋಷ ಯಾವುದು ಎಂಬ ವಿಚಾರಕ್ಕೆ ಮೀಸಲಾಗಿದೆ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದ ಗದ್ಯಕಾರರ ಹೆಸರುಗಳನ್ನು ಗ್ರಂಥಕಾರನು ಸ್ಮರಿಸುವುದರಿಂದ, ಅಂದಿಗೇ ಕನ್ನಡದಲ್ಲಿ ಗದ್ಯದ ಅಭ್ಯಾಸವಿತ್ತೆಂಬುದು ವಿದಿತವಾಗುತ್ತದೆ. ಅದೇ ಅರಸನನ್ನು ಆರಂಭದಲ್ಲಿ ಸ್ತುತಿಸುವ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವು ಮೊದಲು ಸೂತ್ರವನ್ನು ಹೇಳಿ ಬಳಿಕ ಲೆಕ್ಕಗಳನ್ನು ಕೊಡುತ್ತದೆ. ಅಮೋಘವರ್ಷನದೆಂದು ಹೇಳಲಾಗುವ ‘ಪ್ರಶ್ನೋತ್ತರರತ್ನಮಾಲಿಕೆ’ಯು ತನ್ನ ಹೆಸರಿನಿಂದಲೇ ತನ್ನ ಮಾರ್ಗವನ್ನು ಸೂಚಿಸುತ್ತದೆ. ಪ್ರಶ್ನೆಯಿಂದ ಹೊರಡುವುದು, ನಿಯಮಕ್ಕೆ ಉದಾಹರಣೆ ಕೊಡುವುದು, ದೋಷವನ್ನು ಗುರುತಿಸಿ ತಿದ್ದುವುದು ಇವು ಮೂರೂ ಇಂದಿನ ಪ್ರಬಂಧ ಶಿಕ್ಷಣಕ್ಕೆ ಬೇಕಾದುವೇ.

ಇನ್ನು ಮುಂದಿನ ಶತಮಾನಗಳನ್ನು ನೋಡೋಣ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಒಂದು ಘಟಿಕಾಸ್ಥಾನವಿತ್ತು. ಕ್ರಿ.ಶ. 1058ರ ಶಾಸನದಿಂದ ಅಲ್ಲಿ ಇನ್ನೂರು ಮಂದಿ ವೇದಾಧ್ಯಾಯಿಗಳೂ ಸುಮಾರು ಐವತ್ತು ಮಂದಿ ಶಾಸ್ತ್ರಾಧ್ಯಾಯಿಗಳೂ ಇದ್ದರೆಂದು, ಗ್ರಂಥಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ತಿಳಿದುಬರುತ್ತದೆ. ಕಂಠಪಾಠ ಮತ್ತು ವ್ಯಾಖ್ಯಾನಗಳು ಅಲ್ಲಿ ಒಂದೇ ಸೂರಿನಡಿ ಇದ್ದರೂ ಅವು ಬೇರೆ ಬೇರೆ ವಿದ್ಯೆಗಳೆಂಬ ಎಚ್ಚರವಿದ್ದುದು ಗಮನಾರ್ಹ. ಶಹಾಬಾದಿಗೆ ಸಮೀಪದ ಮರತೂರಿನ ಜನರು ವಿಜ್ಞಾನೇಶ್ವರನನ್ನು ತಮ್ಮವನೆಂದು ಅಭಿಮಾನದಿಂದ ನೆನೆಯುತ್ತಾರೆ. ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಕಾಲದಲ್ಲಿ ಅವನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವು, ಬಂಗಾಳವನ್ನು ಬಿಟ್ಟರೆ, ಭಾರತದ ಬಹುಭಾಗದಲ್ಲಿ ದಾಯಭಾಗದ ನ್ಯಾಯಕ್ಕೆ ಪ್ರಮಾಣವಾಯಿತು. ಆ ವ್ಯಾಖ್ಯಾನದ ಹೆಸರು ‘ಮಿತಾಕ್ಷರಾ’, ಅಂದರೆ ಅಳತೆಯ ಅಕ್ಷರಗಳುಳ್ಳದ್ದು. ಇದು ಪುಟ ತುಂಬಿಸುವ ಪ್ರಬಂಧಗಳ ಕಾಲದಲ್ಲಿ ನೆನೆಯತಕ್ಕ ಹೆಸರು. ಟೀಕಾಚಾರ್ಯರೆಂದೇ ಪ್ರಸಿದ್ಧರಾದ ಜಯತೀರ್ಥರ ಸ್ಮರಣೆಯೂ ಮಳಖೇಡದಲ್ಲಿ ಇಂದಿಗೂ ಜೀವಂತವಾಗಿದೆ.

ಆದರೆ ಈ ಪರಂಪರೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ನಾಗಾವಿಯ ಘಟಿಕಾಸ್ಥಾನದಲ್ಲಿ ಒಕ್ಕಲಿಗರ ಮಕ್ಕಳಿಗಾಗಲಿ ಕಲ್ಲುಕುಟಿಗರ ಮಕ್ಕಳಿಗಾಗಲಿ ಸ್ಥಳವಿರಲಿಲ್ಲ. ವಿವರಿಸುವ ಹಕ್ಕು ಕೆಲವರದಾಗಿತ್ತು. ಎಲ್ಲರ ಮಕ್ಕಳಿಗೂ ಆ ಹಕ್ಕನ್ನು ಕೊಡಲು ಹೊರಟ ಸಂಸ್ಥೆಯೆಂದರೆ ಆಧುನಿಕ ಶಾಲೆಯೇ. ಅದು ಇಲ್ಲಿಗೆ ಬಂದ ಬಗೆಯಲ್ಲಿಯೇ ಮೇಲೆ ಹೇಳಿದ ಕಡಿತವು ಅಡಗಿದೆ.

ಈ ಪ್ರದೇಶವು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1880ರ ದಶಕದಲ್ಲಿ ಪಾರಸಿಯ ಸ್ಥಾನದಲ್ಲಿ ಉರ್ದು ಆಡಳಿತಭಾಷೆಯಾಯಿತು. 1918ರಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ಕೊಟ್ಟ ಆ ಪ್ರಯತ್ನವು ಶ್ಲಾಘ್ಯವೇ. ಆದರೆ ಪ್ರಾಥಮಿಕ ಹಂತವನ್ನು ದಾಟಿದ ಕನ್ನಡ ಬಾಲಕನು ಬಹುಮಟ್ಟಿಗೆ ಉರ್ದುವಿನಲ್ಲಿಯೇ ಕಲಿಯಬೇಕಾಯಿತು. ಪ್ರಬಂಧಕ್ಕೆ ಆ ಭಾಷೆಯ ಹೆಸರು ‘ಮಜಮೂನ್’. ಹೊಲದಲ್ಲಿ ಕಂಡುದು ಒಂದು ಭಾಷೆಯಲ್ಲಿ, ಬರೆಯಬೇಕಾದುದು ಇನ್ನೊಂದರಲ್ಲಿ ಎಂದಾದಾಗ ಬಾಯಿಪಾಠವೇ ಗತಿಯಾಗುವುದು ಸಹಜ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದೊಳಗೆ ಸೇರಿತು. 1956ರ ನವೆಂಬರ್ 1ರಂದು ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಬಿಟ್ಟು ಉಳಿದ ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಬಂದಿತು. ಶಾಲೆಯ ಭಾಷೆ ಕನ್ನಡವಾಯಿತು.

ಆದರೆ ಭಾಷೆ ಬದಲಾದಷ್ಟು ಬೇಗ ಅಭ್ಯಾಸವು ಬದಲಾಗಲಿಲ್ಲ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಶೀರ್ಷಿಕೆಗಳಡಿಯಲ್ಲಿ ‘ಗ್ರಂಥಾಲಯಗಳ ಮಹತ್ವ’, ‘ಪರಿಸರ ಮಾಲಿನ್ಯ’ಗಳನ್ನು ಉರುಹೊಡೆದು ಒಪ್ಪಿಸುವ ರೂಢಿಯು ಇಂದಿಗೂ ಉಳಿದಿದೆ. ಮೇಲಾಗಿ ಈ ಭಾಗದ ಮಕ್ಕಳೆಲ್ಲರ ಮನೆಮಾತು ಕನ್ನಡವೂ ಅಲ್ಲ. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ, ಗಡಿಯ ಹಳ್ಳಿಗಳಲ್ಲಿ ತೆಲುಗು, ವಾಡಿ ಶಹಾಬಾದಗಳ ಓಣಿಗಳಲ್ಲಿ ದಖನಿ ಉರ್ದು ಕೇಳಿಬರುತ್ತವೆ. ಕನ್ನಡದ ಮಕ್ಕಳ ಮಾತೂ ಪಠ್ಯಪುಸ್ತಕದ ಕನ್ನಡವಲ್ಲ.

ಇಲ್ಲಿ ‘ಕವಿರಾಜಮಾರ್ಗ’ದ ಒಂದು ಸಂಗತಿಯು ನಮಗೆ ಬೆಳಕು ನೀಡುತ್ತದೆ. ಆ ಗ್ರಂಥವು ಕನ್ನಡದ ತಿರುಳು ಇರುವ ನಾಡನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸುತ್ತದೆ. ಇಂದಿನ ಹೆಸರಿನಲ್ಲಿ ಹೇಳುವುದಾದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದಗಳ ನಡುವಣ ಸೀಮೆ. ರಾಜಧಾನಿಯಾದ ಮಾನ್ಯಖೇಟವು ಆ ಸೀಮೆಯೊಳಗಿಲ್ಲ. ಅಂದರೆ ಬರೆಯುವ ಭಾಷೆ ದೂರದ್ದು, ಆಡುವ ಭಾಷೆ ಹತ್ತಿರದ್ದು ಎಂಬ ಸ್ಥಿತಿಯು ಕಾಗಿಣಾ ತೀರದವರಿಗೆ ಒಂಬತ್ತನೆಯ ಶತಮಾನದಿಂದಲೂ ಪರಿಚಿತ. ಕನ್ನಡದೊಳಗೆ ಅನೇಕ ಬಗೆಗಳುಂಟೆಂಬುದನ್ನೂ ಆ ಗ್ರಂಥವು ಬಲ್ಲದು. ಆದುದರಿಂದ ಮನೆಮಾತನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಅಲ್ಲಿಂದ ಬರಹಕ್ಕೆ ಸೇತುವೆ ಕಟ್ಟುವುದೇ ಗುರುವಿನ ಕೆಲಸ.

ಆ ಸೇತುವೆಯು ಅಷ್ಟೇನೂ ದೀರ್ಘವಲ್ಲ. ವಿವರಣೆಯ ಎಲುಬುಗಳೆಂದರೆ ‘ಏಕೆಂದರೆ’, ‘ಆದುದರಿಂದ’, ‘ಆದರೆ’, ‘ಮೊದಲು’, ‘ಬಳಿಕ’ ಎಂಬ ಪದಗಳು. ಸೇಡಂ ಸೀಮೆಯ ಮಗುವು ದಿನಬೆಳಗಾದರೆ ‘ಯಾಕಂದ್ರ’, ‘ಹಂಗಾಗಿ’, ‘ಅದಕ್ಕ’ ಎನ್ನುತ್ತಲೇ ಇರುತ್ತದೆ. ಕಾರಣವನ್ನು ಹೇಳುವ ಶಕ್ತಿ ಅದರಲ್ಲಿ ಆಗಲೇ ಇದೆ. ‘ಯಾಕಂದ್ರ’ದಿಂದ ‘ಏಕೆಂದರೆ’ಗೆ ಒಂದೇ ಹೆಜ್ಜೆ.

ಇನ್ನು ವಿಷಯ. ‘ಶಹಾಬಾದದ ಕಲ್ಲು’ ಎಂಬ ಶೀರ್ಷಿಕೆಯನ್ನು ಕೊಟ್ಟರೆ ‘ಶಹಾಬಾದದ ಕಲ್ಲು ಜಗತ್ಪ್ರಸಿದ್ಧವಾದುದು’ ಎಂಬ ವಾಕ್ಯವು ಬರುತ್ತದೆ. ‘ಶಹಾಬಾದದ ಕಲ್ಲು ಹಲಗೆ ಹಲಗೆಯಾಗಿ ಏಕೆ ಏಳುತ್ತದೆ?’ ಎಂದು ಕೇಳಿದರೆ, ಗಣಿಯಲ್ಲಿ ದುಡಿಯುವವರ ಮಗುವು ತಾನು ಕಂಡುದನ್ನು ಹೇಳತೊಡಗುತ್ತದೆ. ‘ಹಿಂದೆ ನೀರಿನ ತಳದಲ್ಲಿ ಸುಣ್ಣದ ಕೆಸರು ಪದರ ಪದರವಾಗಿ ಕುಳಿತು ಕಲ್ಲಾಯಿತು, ಆದುದರಿಂದ ಪದರಗಳ ನಡುವೆ ಸಂದು ಉಳಿದಿದೆ, ಉಳಿಯು ಆ ಸಂದಿನಲ್ಲಿ ಹೋಗುತ್ತದೆ’ ಎಂಬ ಮಾತು ಗಾತ್ರದಲ್ಲಿ ಚಿಕ್ಕದು, ಆದರೆ ಅದು ವಿವರಣೆ. ಅದೇ ಸುಣ್ಣಕಲ್ಲು ವಾಡಿಯ ಕಾರ್ಖಾನೆಯಲ್ಲಿ ಪುಡಿಯಾಗಿ, ಜೇಡಿಯೊಡನೆ ಬೆರೆತು, ಸುಮಾರು 1450 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಬೆಂದು, ಜಿಪ್ಸಮ್ಮಿನೊಡನೆ ಅರೆಯಲ್ಪಟ್ಟು ಸಿಮೆಂಟಾಗುವುದು ಹೇಗೆ? ನೆಟೆರೋಗ ತಗುಲಿದ ತೊಗರಿಯು ತೇವವಿದ್ದರೂ ಏಕೆ ಬಾಡುತ್ತದೆ? ಮುಂಬಯಿ–ರಾಯಚೂರು ರೈಲು ದಾರಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಕವಲು ಹೊರಡದಿದ್ದರೆ ವಾಡಿಯು ಇಂದಿನ ವಾಡಿಯಾಗುತ್ತಿತ್ತೇ? ಇಂಥ ಪ್ರಶ್ನೆಗಳಿಗೆ ಅರ್ಧ ಉತ್ತರವು ಮಗುವಿನ ಮನೆಯಲ್ಲಿದೆ, ಇನ್ನರ್ಧವು ಪುಸ್ತಕದಲ್ಲಿದೆ. ಎರಡನ್ನೂ ಕೂಡಿಸುವುದೇ ಪ್ರಬಂಧ. ಶಾಲೆಯ ಹೊರಗಿನ ಬಾಳಿಗೆ ಜ್ಞಾನವನ್ನು ಜೋಡಿಸಬೇಕು, ಬಾಯಿಪಾಠದಿಂದ ಕಲಿಕೆಯನ್ನು ದೂರವಿಡಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹೇಳಿದುದೂ ಇದನ್ನೇ.

ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಮೊದಲು ‘ಏಕೆ’ ಅಥವಾ ‘ಹೇಗೆ’ ಎಂಬ ಒಂದೇ ಪ್ರಶ್ನೆಯನ್ನಿಡಬೇಕು. ಉತ್ತರವನ್ನು ಮಗುವು ತನ್ನ ಮನೆಮಾತಿನಲ್ಲಿಯೇ, ವಿಷಯ ತಿಳಿಯದ ಸಹಪಾಠಿಗೆ ಬಾಯಿಂದ ಹೇಳಬೇಕು. ಗಣಿಯ ಮಗುವು ಹೊಲದ ಮಗುವಿಗೆ ಹೇಳಲಿ, ಹೊಲದ ಮಗುವು ಗಣಿಯ ಮಗುವಿಗೆ ಹೇಳಲಿ. ಬಳಿಕ ಹೇಳಿದ ಸಂಗತಿಗಳನ್ನು ಹಿಂದುಮುಂದಾಗದಂತೆ ಜೋಡಿಸಿ, ಕನ್ನಡದಲ್ಲಿ ಬರೆಯಬೇಕು. ಬರೆದುದನ್ನು ಓದಿದ ಸಹಪಾಠಿಯು, ಟೀಕಾಕಾರರು ಪೂರ್ವಪಕ್ಷವನ್ನು ಎತ್ತುವಂತೆ, ತನಗೆ ಅರ್ಥವಾಗದ ಕಡೆಯಲ್ಲಿ ಪ್ರಶ್ನೆ ಹಾಕಬೇಕು. ಆ ಪ್ರಶ್ನೆಗೆ ಉತ್ತರವನ್ನು ಸೇರಿಸಿ ಇನ್ನೊಮ್ಮೆ ಬರೆಯಬೇಕು. ಕಾಗುಣಿತದ ತಿದ್ದುಪಡಿಯು ಕೊನೆಗೆ ಬರಲಿ. ಅದೇ ಮೊದಲಾದರೆ ಮಗುವಿನ ಕೈ ನಿಂತುಹೋಗುತ್ತದೆ. ನಲವತ್ತು ಐವತ್ತು ಮಕ್ಕಳ ತರಗತಿಯಲ್ಲಿ ಇದು ಸುಲಭವಲ್ಲವೆಂಬುದನ್ನು ಬಲ್ಲೆವು. ವರ್ಷಕ್ಕೆ ಹತ್ತು ಪ್ರಬಂಧಗಳನ್ನು ನಕಲು ಮಾಡಿಸುವ ಬದಲು ಮೂರನ್ನು ಹೀಗೆ ಬರೆಯಿಸಿದರೂ ಸಾಕು.

ಕಾಲೇಜಿನ ಅಧ್ಯಾಪಕರಾದ ನಾವು ನಮ್ಮ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಕಾಣುವ ಕೊರತೆಯ ಬೇರು ಆರನೆಯ ತರಗತಿಯಲ್ಲಿದೆ. ಆ ತರಗತಿಗೆ ನಾಳೆ ಗುರುಗಳಾಗಿ ಹೋಗುವವರಲ್ಲಿ ಅನೇಕರು ಇಂದು ನಮ್ಮ ಎದುರಿಗೆ ಕುಳಿತಿದ್ದಾರೆ. ಹಿಂದೆ ಈ ನಾಡಿನಲ್ಲಿ ಕೆಲವರದಾಗಿದ್ದ ವಿವರಣೆಯ ವಿದ್ಯೆಯು ತಾಂಡಾದ, ಗಣಿಯ, ತೊಗರಿ ಹೊಲದ ಮಕ್ಕಳದೂ ಆಗಬೇಕಾದರೆ, ಕೆಲಸವು ನಮ್ಮ ತರಗತಿಗಳಿಂದಲೇ ಆರಂಭವಾಗತಕ್ಕದ್ದು.