ಕದಲದ ಊರು, ಬದಲಾದ ಜಿಲ್ಲೆಗಳು

ನಾರದಮುನಿ ದೇವಸ್ಥಾನದಿಂದ ಸುತ್ತಲಿನ ಸೀಮೆಗೆ ಪರಿಚಿತವಾದ ಚಿಗಟೇರಿ, ಹರಪನಹಳ್ಳಿ ತಾಲ್ಲೂಕಿನ ಊರು. ಊರು ಇದ್ದಲ್ಲೇ ಇದೆ. ಅದು ಸೇರಿದ ಜಿಲ್ಲೆ ಮಾತ್ರ ಮತ್ತೆ ಮತ್ತೆ ಬದಲಾಗಿದೆ. ಬ್ರಿಟಿಷರ ಆಳ್ವಿಕೆಯಲ್ಲಿ ಈ ತಾಲ್ಲೂಕು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆ ಕಡೆಗೆ ಹೋದವು. ಹರಪನಹಳ್ಳಿ ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಬಂತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಅದರ ಪಾಲಾಯಿತು. 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ತಾಲ್ಲೂಕಾಯಿತು.

ಇದು ಬರಿಯ ವಿಳಾಸದ ಮಾತಲ್ಲ. ಹೈದರಾಬಾದ್ ಕರ್ನಾಟಕಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ವಿಶೇಷ ಮೀಸಲಾತಿ ನೀಡುವ ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದಾಗ ಬಳ್ಳಾರಿ ಆ ಪಟ್ಟಿಯಲ್ಲಿತ್ತು, ದಾವಣಗೆರೆ ಇರಲಿಲ್ಲ. ಹೀಗಾಗಿ ಒಂದು ಕಾಲಕ್ಕೆ ಬಳ್ಳಾರಿಯದೇ ಆಗಿದ್ದ ಹರಪನಹಳ್ಳಿ ಹೊರಗುಳಿಯಿತು. ಹೋರಾಟಗಳ ನಂತರ, 2018ರಲ್ಲಷ್ಟೇ ಆ ಸೌಲಭ್ಯ ಇಲ್ಲಿನವರಿಗೆ ದಕ್ಕಿತು. ಯಾವ ವರ್ಷ ಯಾವ ಜಿಲ್ಲೆ ಎಂಬುದು ಸೀಟು, ನೌಕರಿಗಳನ್ನು ನಿರ್ಧರಿಸುವ ಪ್ರಶ್ನೆಯಾಯಿತು.

ಇಂಥ ಚರಿತ್ರೆಯನ್ನು ಕಂಪ್ಯೂಟರಿನಲ್ಲಿ ಇಡುವುದು ಹೇಗೆ? ಊರು, ತಾಲ್ಲೂಕು, ಜಿಲ್ಲೆಗಳನ್ನು ಬಿಂದುಗಳೆಂದೂ, ಅವುಗಳ ಸಂಬಂಧಗಳನ್ನು ಬಿಂದುಗಳ ನಡುವಣ ಗೆರೆಗಳೆಂದೂ ಭಾವಿಸಿದರೆ ದೊರೆಯುವ ಚಿತ್ರಕ್ಕೆ ಗಣಿತದಲ್ಲಿ ಗ್ರಾಫ್ ಎನ್ನುತ್ತಾರೆ. ಚಿಗಟೇರಿಯಿಂದ ಹರಪನಹಳ್ಳಿಗೆ ಒಂದು ಗೆರೆ. ಅಲ್ಲಿಂದ ಜಿಲ್ಲೆಗೆ ಇನ್ನೊಂದು. ಇದನ್ನು ಕಟ್ಟಲು, ಸೋಸಲು, ತಿದ್ದಲು ಬೇಕಾದ ಸಿದ್ಧ ಸಾಧನಗಳ ಕಟ್ಟಿಗೆ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಲೈಬ್ರರಿ ಎಂದು ಹೆಸರು. ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಮೊದಲಾಗಿ 2005ರಲ್ಲಿ ಎಲ್ಲರ ಬಳಕೆಗೆ ಬಂದ ನೆಟ್‌ವರ್ಕ್‌ಎಕ್ಸ್, ಪೈಥಾನ್ ಭಾಷೆಯ ಅಂಥದೊಂದು ಲೈಬ್ರರಿ.

ಹರಪನಹಳ್ಳಿಯ ಚರಿತ್ರೆ ಇಲ್ಲಿ ಒಂದು ತೊಡಕನ್ನು ಒಡ್ಡುತ್ತದೆ. ಈ ಲೈಬ್ರರಿಯ ಸಾಮಾನ್ಯ ಗ್ರಾಫಿನಲ್ಲಿ ಎರಡು ಬಿಂದುಗಳ ನಡುವೆ ಒಂದೇ ಗೆರೆಗೆ ಜಾಗ. ಹರಪನಹಳ್ಳಿಯಿಂದ ಬಳ್ಳಾರಿಗೆ ‘1953ರಿಂದ 1997ರವರೆಗೆ’ ಎಂದು ಬರೆದ ಗೆರೆಯೊಂದಿದ್ದು, ಅದೇ ಎರಡರ ನಡುವೆ ‘2018ರಿಂದ 2021ರವರೆಗೆ’ ಎಂದು ಮತ್ತೊಮ್ಮೆ ಸೇರಿಸಿದರೆ, ಹಳೆಯ ವರ್ಷಗಳು ಅಳಿಸಿ ಹೊಸವು ಕೂರುತ್ತವೆ. ಲೈಬ್ರರಿ ಯಾವ ದೋಷವನ್ನೂ ತೋರಿಸದು. ಆಮೇಲೆ ‘1990ರಲ್ಲಿ ಚಿಗಟೇರಿ ಯಾವ ಜಿಲ್ಲೆಯಲ್ಲಿತ್ತು’ ಎಂದು ಕೇಳಿದರೆ ಉತ್ತರ ಬರಿದು. ನಲವತ್ತನಾಲ್ಕು ವರ್ಷಗಳ ಬಳ್ಳಾರಿ ಸಂಬಂಧ ಸದ್ದಿಲ್ಲದೆ ಮಾಯವಾಗಿರುತ್ತದೆ.

ಪರಿಹಾರವೂ ಅಲ್ಲಿಯೇ ಇದೆ. ಎರಡು ಬಿಂದುಗಳ ನಡುವೆ ಎಷ್ಟು ಗೆರೆಗಳನ್ನಾದರೂ ಉಳಿಸಿಕೊಳ್ಳುವ ಬಹುಗೆರೆಗಳ ಗ್ರಾಫನ್ನೂ ಲೈಬ್ರರಿ ಒದಗಿಸುತ್ತದೆ. ಇದೇನೂ ಹೊಸ ಕಲ್ಪನೆಯಲ್ಲ. 1736ರಲ್ಲಿ ಗಣಿತಜ್ಞ ಆಯ್ಲರ್ ಈ ಶಾಸ್ತ್ರಕ್ಕೆ ಬುನಾದಿ ಹಾಕಿದ್ದೇ ಪ್ರಷ್ಯದ ಕೊನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳ ಸಮಸ್ಯೆಯಿಂದ. ಅಲ್ಲಿ ನಡುಗಡ್ಡೆಗೂ ಒಂದೊಂದು ದಡಕ್ಕೂ ನಡುವೆ ಎರಡೆರಡು ಸೇತುವೆಗಳಿದ್ದವು. ಅವನ್ನು ಒಂದೊಂದೆಂದು ಎಣಿಸಿದ್ದರೆ ಸಮಸ್ಯೆಯ ಉತ್ತರವೇ ಬೇರೆಯಾಗುತ್ತಿತ್ತು.

ಗೆರೆಗಳೆಲ್ಲ ಉಳಿದ ಮೇಲೆ ಸೋಸುವುದು ಸುಲಭ. ಬೇಕಾದ ದಿನಾಂಕವನ್ನು ಒಳಗೊಂಡ ಗೆರೆಗಳನ್ನಷ್ಟೇ ತೋರಿಸು ಎಂಬ ನಿಯಮವನ್ನು ಜರಡಿಯಂತೆ ಹಿಡಿದರೆ 1990ಕ್ಕೆ ಬಳ್ಳಾರಿ, 2013ಕ್ಕೆ ದಾವಣಗೆರೆ, 2019ಕ್ಕೆ ಮತ್ತೆ ಬಳ್ಳಾರಿ ಕಾಣುತ್ತದೆ. ವರ್ಷವೊಂದೇ ಸಾಲದು, ದಿನವೂ ಬೇಕು. 1997ರ ಜುಲೈಗೆ ಒಂದು ಉತ್ತರವಾದರೆ ಸೆಪ್ಟೆಂಬರಿಗೆ ಇನ್ನೊಂದು. ಹೀಗೆ ಸೋಸಿದ್ದು ಒಂದು ನೋಟ ಮಾತ್ರ: ಮೂಲ ಗ್ರಾಫಿನಲ್ಲಿ ಏನೂ ಅಳಿಯುವುದಿಲ್ಲ, ಆ ನೋಟವನ್ನು ನೇರವಾಗಿ ತಿದ್ದಲೂ ಬಾರದು. ತಿದ್ದಬೇಕಾದವರು ಪ್ರತಿ ಮಾಡಿಕೊಂಡು ಅದರಲ್ಲಿ ತಿದ್ದಬೇಕು.

ಅಜ್ಜನ ಜಮೀನಿನ ಕಾಗದದಲ್ಲಿ ಬಳ್ಳಾರಿ, ಮಗನ ಜನನ ಪತ್ರದಲ್ಲಿ ದಾವಣಗೆರೆ, ಮೊಮ್ಮಗಳ ಶಾಲಾ ದಾಖಲೆಯಲ್ಲಿ ವಿಜಯನಗರ ಎಂದಿರುವ ಮನೆಗಳು ಈ ತಾಲ್ಲೂಕಿನಲ್ಲಿ ಇರುವುದು ಸಹಜ. ಮೂರೂ ನಿಜ. ಇವತ್ತಿನ ಜಿಲ್ಲೆಯೊಂದನ್ನೇ ಬಲ್ಲ ಯಂತ್ರಕ್ಕೆ ಅವು ಮೂರು ಬೇರೆ ಊರುಗಳಾಗಿ ಕಂಡಾವು; ಗೆರೆಯ ಮೇಲೆ ಕಾಲವನ್ನು ಬರೆದಿಟ್ಟರೆ ಒಂದೇ ಊರಾಗಿ ಕಾಣುತ್ತವೆ.