ಪಂಚಾಂಗದ ನಕ್ಷತ್ರಗಳನ್ನು ಆಕಾಶದಲ್ಲಿ ಗುರುತಿಸುವ ಬಗೆ

ಪ್ರತಿಯೊಂದು ಮನೆಯ, ಪ್ರತಿಯೊಂದು ಅಂಗಡಿಯ ಗೋಡೆಯ ಮೇಲೂ ಒಂದು ಕ್ಯಾಲೆಂಡರ್ ಇದ್ದೇ ಇರುತ್ತದೆ. ಅದರಲ್ಲಿ ದಿನಕ್ಕೊಂದು ನಕ್ಷತ್ರದ ಹೆಸರು ಅಚ್ಚಾಗಿರುತ್ತದೆ. ಮದುವೆ, ಗೃಹಪ್ರವೇಶ, ನಾಮಕರಣ, ಅಂಗಡಿಯ ಪೂಜೆ ಯಾವುದಾದರೂ ನಾವು ಮೊದಲು ನೋಡುವುದು ಆ ಹೆಸರನ್ನೇ. ಆದರೆ ರಾತ್ರಿ ಮಹಡಿ ಹತ್ತಿ "ಇದು ರೋಹಿಣಿ, ಅದು ಚಿತ್ರಾ" ಎಂದು ಬೆರಳು ತೋರಿಸಬಲ್ಲವರು ಈಗ ಊರಿಗೆ ಒಬ್ಬಿಬ್ಬರು ಸಿಕ್ಕರೆ ಹೆಚ್ಚು. ಕರ್ನಾಟಕದಲ್ಲಿ ನಿಂತು ಬರಿಗಣ್ಣಿನಿಂದ ಈ ನಕ್ಷತ್ರಗಳನ್ನು ಯಾವ ತಿಂಗಳಲ್ಲಿ, ಯಾವ ದಿಕ್ಕಿನಲ್ಲಿ ಕಾಣಬಹುದು ಎಂಬ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ನಕ್ಷತ್ರ ಎಂದರೆ ಏನು?

ಚಂದ್ರನು ಆಕಾಶವನ್ನು ಒಂದು ಸುತ್ತು ಸುತ್ತಲು ಸುಮಾರು 27.3 ದಿನ ಬೇಕು. ಆದ್ದರಿಂದ ಹಿರಿಯರು ಅವನ ದಾರಿಯನ್ನು 27 ಭಾಗ ಮಾಡಿ, ಪ್ರತಿ ಭಾಗಕ್ಕೂ ಅಲ್ಲಿ ಕಾಣುವ ತಾರೆಯ ಅಥವಾ ತಾರೆಗಳ ಗುಂಪಿನ ಹೆಸರಿಟ್ಟರು. ಒಂದೊಂದು ಭಾಗ 13 ಅಂಶ 20 ಕಲೆ. "ಇಂದು ರೋಹಿಣಿ ನಕ್ಷತ್ರ" ಎಂದರೆ ಇಂದು ಚಂದ್ರನು ರೋಹಿಣಿಯ ಭಾಗದಲ್ಲಿ ಇದ್ದಾನೆ ಎಂದಷ್ಟೇ ಅರ್ಥ.

ತಿಂಗಳುಗಳ ಹೆಸರೂ ಇದರಿಂದಲೇ ಬಂದಿವೆ. ಚೈತ್ರದ ಹುಣ್ಣಿಮೆಯ ಚಂದ್ರ ಚಿತ್ರಾ ನಕ್ಷತ್ರದ ಆಸುಪಾಸಿನಲ್ಲಿರುತ್ತಾನೆ, ವೈಶಾಖದಲ್ಲಿ ವಿಶಾಖಾ, ಕಾರ್ತಿಕದಲ್ಲಿ ಕೃತ್ತಿಕಾ, ಮಾಘದಲ್ಲಿ ಮಘಾ. ಹುಣ್ಣಿಮೆಯ ದಿನ ಇದನ್ನು ಯಾರು ಬೇಕಾದರೂ ಕಣ್ಣಾರೆ ನೋಡಿ ಪರೀಕ್ಷಿಸಬಹುದು.

ರೈತರು ಹೇಳುವ ಮೃಗಶಿರಾ ಮಳೆ, ಆರಿದ್ರಾ ಮಳೆ, ಸ್ವಾತಿ ಮಳೆಗಳ ಲೆಕ್ಕ ಬೇರೆ. ಅದು ಚಂದ್ರನದಲ್ಲ, ಸೂರ್ಯನದು. ಸೂರ್ಯನು ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಸೂರ್ಯ ಇರುವ ಭಾಗ ಹಗಲಿನ ಬೆಳಕಿನಲ್ಲಿ ಮುಳುಗಿರುವುದರಿಂದ ಯಾವ ನಕ್ಷತ್ರದ ಮಳೆಯೋ ಆ ನಕ್ಷತ್ರವನ್ನು ಆಗ ರಾತ್ರಿ ನೋಡಲು ಆಗುವುದಿಲ್ಲ.

ಜೈನ ಗ್ರಂಥಗಳಲ್ಲಿ

ತತ್ತ್ವಾರ್ಥಸೂತ್ರದಲ್ಲಿ ಜ್ಯೋತಿಷ್ಕ ದೇವರನ್ನು ಸೂರ್ಯ, ಚಂದ್ರ, ಗ್ರಹ, ನಕ್ಷತ್ರ ಮತ್ತು ಪ್ರಕೀರ್ಣಕ ತಾರೆ ಎಂದು ಐದು ವಿಧವಾಗಿ ಹೇಳಿದೆ. ನಮ್ಮ ಗ್ರಂಥಗಳಲ್ಲಿ 88 ಗ್ರಹಗಳನ್ನೂ 28 ನಕ್ಷತ್ರಗಳನ್ನೂ ಎಣಿಸುತ್ತಾರೆ. ಇಪ್ಪತ್ತೆಂಟನೆಯದು ಅಭಿಜಿತ್. ಸೂರ್ಯಪ್ರಜ್ಞಪ್ತಿಯಲ್ಲಿ ನಕ್ಷತ್ರಗಳ ಎಣಿಕೆ ಶುರುವಾಗುವುದೇ ಅಭಿಜಿತ್‌ನಿಂದ. ಶಾಸ್ತ್ರದ ಲೋಕವರ್ಣನೆಯನ್ನು ತ್ಯಾಗಿಗಳ ಬಳಿ, ವಿದ್ವಾಂಸರ ಬಳಿ ಕುಳಿತು ತಿಳಿಯಬೇಕು. ಇಲ್ಲಿ ಹೇಳುತ್ತಿರುವುದು ಕಣ್ಣಿಗೆ ಕಾಣುವುದನ್ನು ಮಾತ್ರ. ದೂರದ ಅಂಕಿಗಳು ಈಗಿನ ಖಗೋಳ ವಿಜ್ಞಾನದವು.

ನೋಡುವ ಮೊದಲು

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಗಳಲ್ಲಿ ಕತ್ತಲಾದ ಮೇಲೆ ಅಡುಗೆಮನೆಯ ಕೆಲಸ ಇರುವುದಿಲ್ಲ. ಆ ಹೊತ್ತಿನಲ್ಲಿ ಅರ್ಧ ಗಂಟೆ ಮಹಡಿಯ ಮೇಲೆ ಕಳೆಯುವುದು ಕಷ್ಟವಲ್ಲ. ಅಮಾವಾಸ್ಯೆಯ ಹಿಂದುಮುಂದಿನ ವಾರ ಉತ್ತಮ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೂ ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚ್ ಬೇಕೇ ಬೇಕೆಂದರೆ ಅದಕ್ಕೆ ಕೆಂಪು ಬಣ್ಣದ ಕಾಗದ ಸುತ್ತಿಕೊಳ್ಳಿ. ಮಹಡಿಯ ದೀಪ ಆರಿಸಿದರೆ ನಕ್ಷತ್ರ ಚೆನ್ನಾಗಿ ಕಾಣುತ್ತದೆ, ದೀಪಕ್ಕೆ ಮುತ್ತುವ ಹುಳುಗಳ ಜೀವವೂ ಉಳಿಯುತ್ತದೆ.

ಅಳತೆಗೆ ಕೈ ಸಾಕು. ತೋಳು ಪೂರ್ತಿ ಚಾಚಿ ಹಿಡಿದ ಮುಷ್ಟಿ ಸುಮಾರು 10 ಅಂಶ, ಕಿರುಬೆರಳು 1 ಅಂಶ. ಹುಣ್ಣಿಮೆಯ ಚಂದ್ರ ಬರೀ ಅರ್ಧ ಅಂಶ. ನಕ್ಷತ್ರಗಳು ದಿನಕ್ಕೆ 4 ನಿಮಿಷ ಬೇಗ ಹುಟ್ಟುತ್ತವೆ. ಅಂದರೆ ಈ ತಿಂಗಳು 9 ಗಂಟೆಗೆ ಕಂಡ ಆಕಾಶ ಮುಂದಿನ ತಿಂಗಳು 7 ಗಂಟೆಗೇ ಕಾಣುತ್ತದೆ.

ಯಾವ ತಿಂಗಳಲ್ಲಿ ಯಾವುದು (ರಾತ್ರಿ 9 ಗಂಟೆಯ ಸುಮಾರಿಗೆ)

ಡಿಸೆಂಬರ್‌ನಿಂದ ಫೆಬ್ರವರಿ: ಹೊಸದಾಗಿ ಕಲಿಯುವವರಿಗೆ ಇದೇ ಒಳ್ಳೆಯ ಕಾಲ. ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ನಿಂತ ಮೂರು ತಾರೆಗಳನ್ನು ಹುಡುಕಿ. ಅದು ಮಹಾವ್ಯಾಧನ ನಡುಪಟ್ಟಿ. ಅದರ ಉತ್ತರಕ್ಕೆ ಕೆಂಪಗೆ ಹೊಳೆಯುವುದು ಆರ್ದ್ರಾ. ವ್ಯಾಧನ ತಲೆಯ ಜಾಗದ ಮಸುಕಾದ ಮೂರು ತಾರೆಗಳೇ ಮೃಗಶಿರಾ. ನಡುಪಟ್ಟಿಯ ಗೆರೆಯನ್ನು ವಾಯವ್ಯಕ್ಕೆ ಎಳೆದರೆ ಕೇಸರಿ ಬಣ್ಣದ ರೋಹಿಣಿ, ಇನ್ನೂ ಮುಂದೆ ಹೋದರೆ ಚಿಕ್ಕ ಗೊಂಚಲಿನಂತಹ ಕೃತ್ತಿಕಾ. ಕೃತ್ತಿಕೆಯಲ್ಲಿ ಸಾಮಾನ್ಯ ಕಣ್ಣಿಗೆ ಆರು ತಾರೆ ಎಣಿಸಲು ಸಿಗುತ್ತವೆ. ಅದೇ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ಲುಬ್ಧಕ. ರಾತ್ರಿಯ ಆಕಾಶದ ತಾರೆಗಳಲ್ಲೆಲ್ಲ ಅತಿ ಪ್ರಕಾಶಮಾನವಾದದ್ದು ಇದೇ. ಇದರ ಬೆಳಕು ನಮ್ಮನ್ನು ತಲುಪಲು 8.6 ವರ್ಷ ಬೇಕು. ಎರಡನೆಯ ಸ್ಥಾನ ಅಗಸ್ತ್ಯನದು. ಬೆಂಗಳೂರಿನಲ್ಲಿ ಫೆಬ್ರವರಿಯಲ್ಲಿ ದಕ್ಷಿಣ ದಿಗಂತದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ ಕಾಣುತ್ತದೆ. ಆರ್ದ್ರೆಯ ಈಶಾನ್ಯಕ್ಕೆ ಜೋಡಿಯಾಗಿ ನಿಂತ ಎರಡು ತಾರೆ ಪುನರ್ವಸು.

ಮಾರ್ಚ್‌ನಿಂದ ಮೇ: ನೆತ್ತಿಯ ಹತ್ತಿರ ಸಿಂಹ ರಾಶಿ. ಅದರ ಎದೆಯ ತಾರೆ ಮಘಾ, ಬಾಲದ ತಾರೆ ಉತ್ತರಾ ಫಾಲ್ಗುಣಿ. ಉತ್ತರಕ್ಕೆ ಸಪ್ತರ್ಷಿ ಮಂಡಲ. ಅದರ ಕ್ರತು, ಪುಲಹ ಎಂಬ ಎರಡು ತಾರೆಗಳ ಗೆರೆ ಧ್ರುವವನ್ನು ತೋರಿಸುತ್ತದೆ. ನಮ್ಮ ರಾಜ್ಯದಲ್ಲಿ ಧ್ರುವ ತುಂಬ ತಗ್ಗಿನಲ್ಲಿರುತ್ತದೆ, ಬೆಂಗಳೂರಿನಲ್ಲಿ 13 ಅಂಶ, ಬೀದರಿನಲ್ಲಿ ಸುಮಾರು 18 ಅಂಶ. ಎದುರಿಗೆ ಮರ ಅಥವಾ ಕಟ್ಟಡ ಇದ್ದರೆ ಕಾಣುವುದೇ ಇಲ್ಲ. ಬಾಲದ ನಡುವಿನ ವಸಿಷ್ಠನ ಪಕ್ಕದಲ್ಲಿ ಮಸುಕಾದ ಅರುಂಧತಿ ಇದೆ. ಆ ಬಾಲದ ಬಾಗುವಿಕೆಯನ್ನೇ ಮುಂದುವರಿಸಿದರೆ ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಆಮೇಲೆ ಬೆಳ್ಳಗಿನ ಚಿತ್ರಾ ಸಿಗುತ್ತವೆ. ಚಿತ್ರೆಯ ಪಶ್ಚಿಮಕ್ಕೆ ಅಂಗೈಯಂತೆ ಕಾಣುವ ಗುಂಪು ಹಸ್ತಾ. ಮೇ ತಿಂಗಳಲ್ಲಿ ದಕ್ಷಿಣ ದಿಗಂತದ ಮೇಲೆ ತ್ರಿಶಂಕುವನ್ನೂ ನೋಡಬಹುದು. ದೆಹಲಿಯವರಿಗಿಂತ ನಮಗೆ ಇದು ಚೆನ್ನಾಗಿ ಕಾಣುತ್ತದೆ.

ಜೂನ್‌ನಿಂದ ಆಗಸ್ಟ್: ಮಳೆಗಾಲ. ಮೋಡ ಬಿಟ್ಟ ರಾತ್ರಿ ದಕ್ಷಿಣಕ್ಕೆ ನೋಡಿದರೆ ಚೇಳಿನ ಆಕಾರ ಹಾಗೇ ಕಾಣುತ್ತದೆ. ಚೇಳಿನ ತಲೆಯ ಸಾಲು ಅನುರಾಧಾ, ಎದೆಯ ಕೆಂಪು ತಾರೆ ಜ್ಯೇಷ್ಠಾ, ಬಾಲದ ಕೊಂಡಿ ಮೂಲಾ. ಚಿತ್ರಾ ಮತ್ತು ಚೇಳಿನ ತಲೆಯ ನಡುವೆ ಇರುವ ತಾರೆಗಳು ವಿಶಾಖಾ.

ಸೆಪ್ಟೆಂಬರ್‌ನಿಂದ ನವೆಂಬರ್: ಸೆಪ್ಟೆಂಬರ್‌ನಲ್ಲಿ ಮೇಲೆ ಮೂರು ಪ್ರಕಾಶಮಾನ ತಾರೆಗಳ ದೊಡ್ಡ ತ್ರಿಕೋನ ಕಾಣುತ್ತದೆ. ಅದರಲ್ಲಿ ಅತಿ ಹೊಳಪಿನದು ಅಭಿಜಿತ್, 25 ಜ್ಯೋತಿರ್ವರ್ಷ ದೂರ. ದಕ್ಷಿಣದ ತುದಿಯದು ಶ್ರವಣ, ಸುಮಾರು 17 ಜ್ಯೋತಿರ್ವರ್ಷ ದೂರ. ನಗರದಿಂದ ದೂರ ಇದ್ದರೆ ಇವೆರಡರ ನಡುವೆ ಆಕಾಶಗಂಗೆ ಹೊಗೆಯಂತೆ ಹರಿಯುವುದು ಕಾಣುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಇದನ್ನು ಸಂಜೆ 7 ಗಂಟೆಗೇ ನೋಡಬೇಕು.

ಗ್ರಹಗಳು

ತಾರೆ ಮಿನುಗುತ್ತದೆ, ಗ್ರಹ ಬಹುಮಟ್ಟಿಗೆ ಮಿನುಗದೆ ನಿಂತಿರುತ್ತದೆ. ಬರಿಗಣ್ಣಿಗೆ ಕಾಣುವ ಗ್ರಹಗಳು ಐದು. ಶುಕ್ರ ಎಲ್ಲಕ್ಕಿಂತ ಪ್ರಕಾಶಮಾನ. ಸೂರ್ಯನಿಂದ 47 ಅಂಶಕ್ಕಿಂತ ದೂರ ಹೋಗದ ಕಾರಣ ಸಂಜೆ ಪಶ್ಚಿಮದಲ್ಲಿ ಅಥವಾ ಬೆಳಗಿನ ಜಾವ ಪೂರ್ವದಲ್ಲಿ ಮಾತ್ರ ಕಾಣುತ್ತಾನೆ. ಬುಧ ಹೆಚ್ಚೆಂದರೆ 28 ಅಂಶ ದೂರ ಹೋಗುತ್ತಾನೆ, ಹುಡುಕುವುದು ಕಷ್ಟ. ಮಂಗಳ ಕೆಂಪು. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ, ಶನಿ ಸುಮಾರು ಎರಡೂವರೆ ವರ್ಷ ಇರುತ್ತಾನೆ. ರಾಹು, ಕೇತು ಕಣ್ಣಿಗೆ ಕಾಣುವುದಿಲ್ಲ. ಖಗೋಳ ಗಣಿತದಲ್ಲಿ ಅವು ಚಂದ್ರನ ದಾರಿಯೂ ಸೂರ್ಯನ ದಾರಿಯೂ ಕೂಡುವ ಎರಡು ಬಿಂದುಗಳು.

10x50 ಬೈನಾಕ್ಯುಲರ್ ಇದ್ದರೆ ಚಂದ್ರನ ಕುಳಿಗಳು, ಕೃತ್ತಿಕೆಯ ಹತ್ತಾರು ತಾರೆಗಳು, ಕೈ ಅಲುಗದಂತೆ ಗೋಡೆಗೆ ಒರಗಿಸಿ ಹಿಡಿದರೆ ಗುರುವಿನ ಚಂದ್ರರೂ ಕಾಣುತ್ತಾರೆ. ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಚಂದ್ರರು ಅವೇ. ಶನಿಯ ಬಳೆ ನೋಡಲು ಮಾತ್ರ ಟೆಲಿಸ್ಕೋಪ್ ಬೇಕು. ಹಗಲಿನಲ್ಲಿ ಇವುಗಳಿಂದ ಸೂರ್ಯನ ಕಡೆ ಎಂದೂ ನೋಡಬಾರದು, ಮಕ್ಕಳ ಕೈಗೂ ಕೊಡಬಾರದು. ಕಣ್ಣು ಶಾಶ್ವತವಾಗಿ ಹೋಗಬಹುದು.

ಕಲ್ಯಾಣಕಗಳ ನಕ್ಷತ್ರಗಳು

ಭಗವಾನ್ ಮಹಾವೀರರ ಜನ್ಮ ಚೈತ್ರ ಶುಕ್ಲ ತ್ರಯೋದಶಿ, ಉತ್ತರಾ ಫಾಲ್ಗುಣಿ ನಕ್ಷತ್ರ. ಮಹಾವೀರ ಜಯಂತಿಯ ಸಂಜೆ ಮೆರವಣಿಗೆ, ಕಾರ್ಯಕ್ರಮ ಮುಗಿದ ಮೇಲೆ ಪೂರ್ವದ ಕಡೆ ನೋಡಿ. ಚಂದ್ರ ಈಗಲೂ ಸಿಂಹದ ಬಾಲದ ಆಸುಪಾಸಿನಲ್ಲೇ ಇರುತ್ತಾನೆ. ಅವನ ಎಡಗಡೆಗೆ, ಉತ್ತರದ ಬದಿಯಲ್ಲಿ ಉತ್ತರಾ ಫಾಲ್ಗುಣಿಯ ತಾರೆಯನ್ನು ಹುಡುಕಬಹುದು.

ಮಹಾವೀರರ ನಿರ್ವಾಣ ದೀಪಾವಳಿಯ ಅಮಾವಾಸ್ಯೆಯಂದು, ಸ್ವಾತಿ ನಕ್ಷತ್ರದಲ್ಲಿ. ಉತ್ತರ ಭಾರತದವರ ಲೆಕ್ಕದಲ್ಲಿ ಇದು ಕಾರ್ತಿಕ ಕೃಷ್ಣ ಅಮಾವಾಸ್ಯೆ, ನಮ್ಮ ಪಂಚಾಂಗದಲ್ಲಿ ಆಶ್ವಯುಜ ಬಹುಳ ಅಮಾವಾಸ್ಯೆ. ದಿನ ಒಂದೇ. ಆ ಸಮಯದಲ್ಲಿ ಸೂರ್ಯನೂ ಅದೇ ಭಾಗದಲ್ಲಿರುವುದರಿಂದ ದೀಪಾವಳಿಯ ರಾತ್ರಿ ಸ್ವಾತಿ ಕಾಣುವುದಿಲ್ಲ. ಅದನ್ನು ನೋಡಬೇಕಾದರೆ ಮೇ, ಜೂನ್‌ನಲ್ಲಿ ತಲೆ ಎತ್ತಬೇಕು.

ಮೂಲಾ ನಕ್ಷತ್ರದ ಭಯ

ನಮ್ಮ ಸಮಾಜದಲ್ಲೂ ಹುಡುಗಿ ಮೂಲಾ ನಕ್ಷತ್ರದವಳು ಎಂದರೆ ಜಾತಕ ವಾಪಸ್ಸು ಕಳಿಸುವ ಮನೆಗಳಿವೆ. ಮಾವನಿಗೆ ಆಗದು ಎನ್ನುತ್ತಾರೆ. ವಿಶಾಖಾ ಎಂದರೆ ಮೈದುನನಿಗೆ ಆಗದು ಎನ್ನುತ್ತಾರೆ. ಓದಿದ, ಗುಣವಂತೆಯಾದ ಹುಡುಗಿಯರು ಇದೊಂದೇ ಕಾರಣಕ್ಕೆ ವರ್ಷಗಟ್ಟಲೆ ಕಾಯುತ್ತಾರೆ. ಕೆಲವು ತಂದೆ ತಾಯಿ ನಕ್ಷತ್ರವನ್ನೇ ಮುಚ್ಚಿಡುತ್ತಾರೆ.

ಇಲ್ಲಿ ಲೆಕ್ಕವನ್ನು ಒಮ್ಮೆ ನೋಡಬೇಕು. ಚಂದ್ರ ಪ್ರತಿ ಸುತ್ತಿನಲ್ಲೂ ಸುಮಾರು ಒಂದು ದಿನ ಮೂಲೆಯಲ್ಲಿ ಇರುತ್ತಾನೆ. ಹಾಗಾದರೆ ಹುಟ್ಟಿದವರಲ್ಲಿ ಸರಿಸುಮಾರು 27ಕ್ಕೆ ಒಬ್ಬರು ಮೂಲಾದವರೇ. ಪ್ರತಿ ಊರಿನಲ್ಲೂ, ಪ್ರತಿ ಬಳಗದಲ್ಲೂ ಅವರಿದ್ದಾರೆ. ಅವರಲ್ಲಿ ಅರ್ಧ ಮಂದಿ ಗಂಡಸರು, ಅವರನ್ನು ಯಾರೂ ತಿರುಗಿ ಕಳಿಸುವುದಿಲ್ಲ.

ಒಂಬತ್ತನೆಯ ತೀರ್ಥಂಕರರಾದ ಪುಷ್ಪದಂತರ ಜನ್ಮ ನಕ್ಷತ್ರ ಮೂಲಾ. ಪಾರ್ಶ್ವನಾಥ ಸ್ವಾಮಿಯ ಜನ್ಮ ನಕ್ಷತ್ರ ವಿಶಾಖಾ. ಬಸದಿಯಲ್ಲಿ ಅವರಿಗೆ ಅರ್ಘ್ಯ ಎತ್ತಿ ಬಂದು, ಮನೆಯಲ್ಲಿ ಅದೇ ನಕ್ಷತ್ರದ ಹೆಣ್ಣು ಬೇಡ ಎನ್ನುವುದು ಹೇಗೆ ಸರಿ? ಸುಖದುಃಖಕ್ಕೆ ಅವರವರ ಕರ್ಮವೇ ಕಾರಣ ಎಂಬುದು ನಮ್ಮ ಸಿದ್ಧಾಂತ. ಇನ್ನೊಬ್ಬರ ಮಗಳು ಹುಟ್ಟಿದ ಗಳಿಗೆ ನಮ್ಮ ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ.

ಜುಲೈ ತಿಂಗಳ ಒಂದು ತಿಳಿ ರಾತ್ರಿ ಚೇಳಿನ ಬಾಲವನ್ನು ನೋಡಿದರೆ, ತುದಿಯಲ್ಲಿ ಎರಡು ತಾರೆ ಅಕ್ಕಪಕ್ಕ ನಿಂತಿರುತ್ತವೆ. ಅದೇ ಮೂಲಾ. ಆಕಾಶಗಂಗೆ ಅತಿ ದಟ್ಟವಾಗಿ ಕಾಣುವುದು ಆ ಕಡೆಯೇ, ಅದರ ಕೇಂದ್ರವೂ ಹತ್ತಿರದ ದಿಕ್ಕಿನಲ್ಲೇ ಇದೆ. ಇಡೀ ಆಕಾಶದಲ್ಲಿ ಅದಕ್ಕಿಂತ ಚಂದದ ಜಾಗ ಕಡಿಮೆ.

ಎಲ್ಲಿ ನೋಡಬೇಕು

ನಗರದ ದೀಪಗಳ ನಡುವೆ ಪ್ರಕಾಶಮಾನ ತಾರೆಗಳು ಮಾತ್ರ ಉಳಿದಿವೆ. ರೋಹಿಣಿ, ಚಿತ್ರಾ, ಸ್ವಾತಿ, ಜ್ಯೇಷ್ಠಾ ಬೆಂಗಳೂರು, ಹುಬ್ಬಳ್ಳಿಯಲ್ಲೂ ಕಾಣುತ್ತವೆ. ಪುಷ್ಯ, ಮೃಗಶಿರಾ ಕಾಣುವುದು ಕಷ್ಟ. ಹುಂಚ, ಕಾರ್ಕಳ, ಮೂಡುಬಿದಿರೆಯಂತಹ ಕ್ಷೇತ್ರಗಳಿಗೆ ದರ್ಶನಕ್ಕೆ ಹೋಗಿ ತಂಗಿದ ರಾತ್ರಿ, ಊರಿನ ದೀಪಗಳಿಂದ ಸ್ವಲ್ಪ ಆಚೆ ಬಂದು ನೋಡಬಹುದು. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ, ಮಂಗಳೂರಿನ ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯಗಳಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋದರೆ ಆಕಾರಗಳು ಬೇಗ ಮನಸ್ಸಿನಲ್ಲಿ ನಿಲ್ಲುತ್ತವೆ.

ಮನೆಯಲ್ಲಿ ಅಜ್ಜ ಅಜ್ಜಿಯರಿದ್ದರೆ ಮೊದಲು ಅವರನ್ನೇ ಮಹಡಿಗೆ ಕರೆದುಕೊಂಡು ಹೋಗಿ. ಅವರಿಗೆ ಹೆಸರು ಗೊತ್ತಿರುತ್ತದೆ, ಮಕ್ಕಳಿಗೆ ಕಣ್ಣು ಚುರುಕಾಗಿರುತ್ತದೆ. ತಿಂಗಳಿಗೆ ಎರಡೇ ನಕ್ಷತ್ರ ಕಲಿತರೂ ಒಂದು ವರ್ಷದೊಳಗೆ ಕ್ಯಾಲೆಂಡರಿನ ಹೆಚ್ಚಿನ ಹೆಸರುಗಳು ಆಕಾಶದಲ್ಲಿ ಪರಿಚಯವಾಗುತ್ತವೆ.